ಗುದ್ದಣ್ಣನ ಮನೆಯ ಸೊಸೆ

ಬೇಲಿ ಹಾಕುವವರ ಮನೆಗೆ ಬೇಲಿಯೇ ಇರಲಿಲ್ಲ. ಮದುವೆಯಾಗಿ ಬಂದ ಸೊಸೆಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಮನೆಯ ಮುಂದೆ ಮರದ ಕಂಬಗಳ ರಾಶಿ, ಅದರ ಪಕ್ಕ ತಂತಿಯ ಸುರುಳಿಗಳು, ತಗಡಿನ ಶೆಡ್ಡಿನ ತುಂಬ ಇಕ್ಕಳ, ಸುತ್ತಿಗೆ, ಮೊಳೆಡಬ್ಬಿ. ಆದರೆ ರಸ್ತೆಗೂ ಅಂಗಳಕ್ಕೂ ನಡುವೆ ಒಂದು ಕಡ್ಡಿಯೂ ಇಲ್ಲ. ಬೀದಿನಾಯಿಗಳು ಆ ಕಡೆಯಿಂದ ಬಂದು ಈ ಕಡೆಯಿಂದ ಆರಾಮಾಗಿ ಹೋಗುತ್ತಿದ್ದವು. ತಡೆಯಲಾರದೆ ಅವಳು ಅತ್ತೆಯನ್ನು ಕೇಳಿಯೇಬಿಟ್ಟಳು.

"ನಮ್ಮನೆಗೆ ಯಾರಮ್ಮ ನುಗ್ತಾರೆ?" ಎಂದರು ಅತ್ತೆ. "ನುಗ್ಗಿದವರ ಕೈಗೆ ಸುತ್ತಿಗೆ ಕೊಟ್ಟು ಕೆಲಸಕ್ಕೆ ಹಚ್ಚಿಬಿಡ್ತೀವಿ ಅಂತ ಊರಿಗೆಲ್ಲ ಗೊತ್ತು."

ಅತ್ತೆ ಹೇಳಿದ್ದು ತಮಾಷೆಗೆ. ಸೊಸೆಯ ಪಾಲಿಗೆ ಮಾತ್ರ ಅದು ಅಕ್ಷರಶಃ ನಿಜವಾಯಿತು. ತಂದಿದ್ದ ಸೀರೆಗಳ ಮಡಿಕೆ ಬಿಚ್ಚುವ ಮೊದಲೇ ಅವಳ ಕೈಗೆ ಸುತ್ತಿಗೆ ಬಂತು.

ಅವಳು ದರ್ಜಿಯ ಮಗಳು. ಅಪ್ಪನ ಅಂಗಡಿಯಲ್ಲಿ ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ಅಂಬೆಗಾಲಿಟ್ಟವಳು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರೆ ಅಳತೆಪಟ್ಟಿಯೇ ನಾಚಬೇಕು, ಅಷ್ಟು ನೆಟ್ಟಗೆ. ಅಂಥ ಕೈಗೆ ಸುತ್ತಿಗೆ ಹಿಡಿದ ಮೊದಲ ದಿನವೇ ಬೊಬ್ಬೆಗಳೆದ್ದವು. ಮಾವ ಅದನ್ನು ನೋಡಿ, "ಇದು ಗುಂಡಿ ಹಚ್ಚೋ ಕೆಲಸ ಅಲ್ಲಮ್ಮ" ಎಂದು ನಕ್ಕರು. ಅವಳಿಗೆ ಮೈಯೆಲ್ಲ ಉರಿಯಿತು. ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಮರುದಿನ ಎಲ್ಲರಿಗಿಂತ ಮೊದಲು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಮಾವ ಆಮೇಲೆ ಗುಂಡಿಯ ಮಾತು ಎತ್ತಲಿಲ್ಲ.

ಆ ಮನೆಯಲ್ಲಿ ಯಂತ್ರಗಳಿಗೆ ಮನುಷ್ಯರಿಗಿಂತ ಹೆಚ್ಚು ಮರ್ಯಾದೆ. ಟ್ರ್ಯಾಕ್ಟರಿನ ಹಿಂದೆ ಎತ್ತರದ ಕಬ್ಬಿಣದ ಚೌಕಟ್ಟು, ಅದರೊಳಗೆ ಮೇಲೇರಿ ಧಡ್ ಎಂದು ಕಂಬದ ತಲೆಯ ಮೇಲೆ ಬೀಳುವ ಭಾರಿ ತೂಕದ ಗುಂಡು. ಕಂಬವನ್ನು ನೆಲಕ್ಕಿಳಿಸುವ ಆ ಯಂತ್ರದ ಹೆಸರು ಗುದ್ದಣ್ಣ. ಯಾರೋ ಹಳೆಯದೆಂದು ಬಿಟ್ಟಿದ್ದ ಅದನ್ನು ಮಾವ ತಂದು, ತುಕ್ಕು ತಿಕ್ಕಿ, ಬಣ್ಣ ಬಳಿದು, ಮನೆಮಗನಂತೆ ಸಾಕಿದ್ದರು. ತಂತಿಯನ್ನು ಹಲ್ಲು ಹಲ್ಲಾಗಿ ಜಗ್ಗಿ ಬಿಗಿ ಮಾಡುವ ಸಾಧನ ಜಗ್ಗಕ್ಕ. ಸುರುಳಿಯನ್ನು ಹೊತ್ತು ಗಿರ್ರನೆ ತಿರುಗುತ್ತ ತಂತಿ ಬಿಚ್ಚಿಕೊಡುವ ಸ್ಟ್ಯಾಂಡು ಗಿರಗಿಟ್ಲೆ. ಅವಳ ಗಂಡ ಮಾತಿನಲ್ಲಿ ಬಲು ಜಿಪುಣ. ಹೆಂಡತಿಗೆ ಒಂದು "ಹೂಂ" ಸಿಕ್ಕರೆ ಅದೇ ಹೆಚ್ಚು. ಅದೇ ಮನುಷ್ಯ ಬೆಳಿಗ್ಗೆ ಗುದ್ದಣ್ಣನಿಗೆ ಗ್ರೀಸು ಹಚ್ಚುವಾಗ ಮಾತ್ರ, "ಏನಪ್ಪಾ, ನಿನ್ನೆ ಸುಸ್ತಾಯ್ತಾ? ಇವತ್ತು ಮಣ್ಣು ಮೆದು ಇದೆ, ಬಾ" ಎಂದು ಉಪಚಾರ ಮಾಡುತ್ತಿದ್ದ. ಮೊದಮೊದಲು ಅವಳಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅವಳೂ ಜಗ್ಗಕ್ಕನ ಜೊತೆ ಮಾತು ಶುರು ಮಾಡಿದಳು.

ಕೆಲಸ ಕೈಗೆ ಹತ್ತಿತು. ಮೂಲೆಯ ಕಂಬವನ್ನು ಆಳಕ್ಕೆ ಇಳಿಸಿ ಅದಕ್ಕೆ ಓರೆಯಾಗಿ ಒಂದು ಆಸರೆಗಂಬ ಕೊಡಬೇಕು, ಇಲ್ಲದಿದ್ದರೆ ತಂತಿಯ ಎಳೆತಕ್ಕೆ ಅದು ವಾಲುತ್ತದೆ. ತಂತಿಯನ್ನು ದನಗಳಿರುವ ಕಡೆಯೇ ಹೊಡೆಯಬೇಕು, ಆಗ ಅವು ಒರಗಿದಷ್ಟೂ ತಂತಿ ಕಂಬಕ್ಕೆ ಒತ್ತುತ್ತದೆ. ತಂತಿಯನ್ನು ಹಿಡಿದಿಡುವ ಬಾಗಿದ ಮೊಳೆಯನ್ನು ಪೂರ್ತಿ ಬಡಿಯಬಾರದು, ತಂತಿಗೆ ಒಳಗೆ ಸರಿದಾಡಲು ಜಾಗ ಬೇಕು. ಬಿಗಿ ಮಾಡಿದ ತಂತಿಯನ್ನು ಬೆರಳಿನಿಂದ ಮೀಟಿ, ಅದು ಗುಂಯ್ ಎಂದರೆ ಸರಿ, ದಡದಡ ಎಂದರೆ ಜಗ್ಗಕ್ಕನಿಗೆ ಇನ್ನೊಂದು ಹಲ್ಲು. ವರ್ಷಗಳು ಕಳೆದಂತೆ ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭವಾದವು. ಸುತ್ತಲಿನವರು ಅವಳನ್ನು ದರ್ಜಿಯ ಮಗಳು ಎನ್ನುವುದನ್ನು ಬಿಟ್ಟು ಗುದ್ದಣ್ಣನ ಮನೆಯ ಸೊಸೆ ಎನ್ನತೊಡಗಿದರು.

ಒಂದು ಕೆಲಸ ಮಾತ್ರ ಯಾರ ಕೈಗೂ ಬಿಟ್ಟಿರಲಿಲ್ಲ. ಅದು ಸಾಲು ನೋಡುವುದು. ಹೊಲದ ಒಂದು ಮೂಲೆಗೆ ಕಂಬ ನೆಟ್ಟ ಮೇಲೆ ಎದುರು ತುದಿಯಲ್ಲಿ ಬಿಳಿ ಬಟ್ಟೆ ಕಟ್ಟಿದ ಒಂದು ಕೋಲು ನಿಲ್ಲಿಸುತ್ತಾರೆ. ಮಾವ ಮೂಲೆಗಂಬಕ್ಕೆ ಬಲಗೆನ್ನೆ ಆನಿಸಿ, ಆ ಬಿಳಿ ಬಟ್ಟೆಯ ಕಡೆ ನೋಟ ನಾಟಿಸುತ್ತಾರೆ. ನಡುವೆ ಸೊಸೆ ಗುರುತಿನ ಕೋಲು ಹಿಡಿದು ನಿಲ್ಲುತ್ತಾಳೆ. ಮಾವ ಕೈ ಎಡಕ್ಕೆ ಬೀಸಿದರೆ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ. ಕೈ ಕೆಳಗೆ ಬಿಟ್ಟರೋ, ಅಲ್ಲೇ ಗೂಟ. ಗೂಟದ ಮೇಲೆ ಗಂಡ ಟ್ರ್ಯಾಕ್ಟರನ್ನು ಹಿಂದೆ ತಂದು ಗುದ್ದಣ್ಣನಿಂದ ಕಂಬ ಇಳಿಸುತ್ತಾನೆ. ಹಗ್ಗ ಕಟ್ಟಿ ನೆಡುವವರೂ ಇದ್ದಾರೆ. ಅವರ ಹೆಸರೆತ್ತಿದರೆ ಮಾವ ಮುಖ ಸಿಂಡರಿಸುತ್ತಿದ್ದರು. ಗುದ್ದಣ್ಣನ ಮನೆಯವರು ಹಾಕಿದ ಬೇಲಿಯ ಮೂಲೆಯಲ್ಲಿ ನಿಂತು ನೋಡಿದರೆ ಒಂದೇ ಕಂಬ ಕಾಣುತ್ತದೆ, ಉಳಿದವೆಲ್ಲ ಅದರ ಹಿಂದೆ ಅಡಗಿರುತ್ತವೆ ಎಂದು ಜನ ಹೇಳುತ್ತಿದ್ದರು. ಅದು ಮನೆತನದ ಹೆಸರು.

ಸೊಸೆಗೆ ಆ ಕೆಲಸದ ಮೇಲೆ ಆಸೆ. ಬಟ್ಟೆಯ ಮೇಲೆ ಗೆರೆ ಎಳೆದವಳಿಗೆ ಹೊಲದ ಮೇಲೆ ಗೆರೆ ಎಳೆಯುವ ಆಸೆ ಬಂದರೆ ತಪ್ಪೇನು? ಒಮ್ಮೆ ಧೈರ್ಯ ಮಾಡಿ ಕೇಳಿದಳು. "ಮನೇಲಿ ಸಾಲು ನೋಡೋರು ಒಬ್ರೇ ಇರಬೇಕಮ್ಮ. ಇಬ್ರಾದ್ರೆ ಕಂಬಕ್ಕೊಂದು ಪಂಚಾಯ್ತಿ" ಎಂದು ಮಾವ ಮಾತು ಮುಗಿಸಿದರು. ಅವಳು ಬಾಯಿ ಮುಚ್ಚಿಕೊಂಡಳು, ಆಸೆಯನ್ನಲ್ಲ.

ಶೆಡ್ಡಿನ ಮೂಲೆಯಲ್ಲೊಂದು ಮರದ ಕುರ್ಚಿ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಯಾವಾಗಲೂ ಒಂದು ಮೊಳೆಡಬ್ಬಿ ಕೂತಿರುತ್ತಿತ್ತು. ಅದರ ಕಥೆಯನ್ನು ಅತ್ತೆ ಹೇಳಿದ್ದರು. ಮಾವನ ಅಪ್ಪನಿಗೆ ವಯಸ್ಸಾಗಿ ಸಾಲು ಕಾಣದಂತಾದಾಗ, ಸುತ್ತಿಗೆ ಕೆಳಗಿಟ್ಟು ಬಂದು ಆ ಕುರ್ಚಿಯಲ್ಲಿ ಕೂತವರು ಮತ್ತೆ ಹೊಲದ ಕಡೆ ಮುಖ ಮಾಡಲಿಲ್ಲವಂತೆ. ಗಟ್ಟಿಮುಟ್ಟಾಗಿದ್ದ ಮನುಷ್ಯ ಕೂತಲ್ಲೇ ಕರಗಿಹೋದರು. "ನಿಮ್ಮ ಮಾವನೂ ಹಾಗೇ ಅಂತಾರೆ. ಸಾಲು ಕಾಣದ ದಿನ ಹೊಲಕ್ಕೆ ಕಾಲಿಡಲ್ಲ ಅಂತ. ಇವರದ್ದು ಬಾಯಿಮಾತಿನ ಹಠ ಅಲ್ಲಮ್ಮ, ಹೇಳಿದ್ರೆ ಮಾಡಿಬಿಡ್ತಾರೆ" ಎಂದು ಅತ್ತೆ ನಿಟ್ಟುಸಿರುಬಿಟ್ಟಿದ್ದರು. ಈ ಮನೆಯ ಗಂಡಸರ ಹಠವನ್ನು ಗುದ್ದಣ್ಣನ ಕೆಳಗಿಟ್ಟರೂ ಅದು ಒಂದಿಂಚು ಇಳಿಯುತ್ತಿರಲಿಲ್ಲ.

ಮಾವನಿಗೆ ಉಳಿದಿದ್ದುದೇ ಒಂದು ಕಣ್ಣು. ಎಡಗಣ್ಣನ್ನು ಹರೆಯದಲ್ಲಿ ಹರಿದುಹಾರಿದ ತಂತಿಯೊಂದು ಕಸಿದುಕೊಂಡಿತ್ತು. ಬಲಗಣ್ಣಿಗೆ ಈಚೆಗೆ ಏನೋ ಆಗಿದೆ ಎಂದು ಸೊಸೆಗೆ ಅನುಮಾನ ಬಂದು ಬಹಳ ದಿನವಾಗಿತ್ತು. ಚಹಾದ ಲೋಟ ಎತ್ತಿಕೊಳ್ಳುವಾಗ ಕೈ ಮೊದಲು ಮೇಜು ತಡವುತ್ತಿತ್ತು. ಮೊಳೆಯ ಅಳತೆಯನ್ನು ಬೆರಳಲ್ಲಿ ಸವರಿ ತಿಳಿಯುತ್ತಿದ್ದರು. ಅತ್ತೆಯೂ ಅದನ್ನು ಕಂಡಿದ್ದರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಇರೋದೊಂದು ಕಣ್ಣು, ಅದನ್ನೂ ಕುಯ್ಯೋಕೆ ಕೊಡ್ಲಾ?" ಎಂದು ಮಾವ ರೇಗುತ್ತಿದ್ದರು. ಅತ್ತೆ, ಸೊಸೆ ಇಬ್ಬರೂ ನೋಡಿಯೂ ನೋಡದವರಂತೆ ದಿನ ದೂಡಿದರು.

ಹೀಗಿರುವಾಗ ಹಾಲಿನ ಯಜಮಾನಿಯ ಕೆಲಸ ಬಂತು. ದೊಡ್ಡ ಹುಲ್ಲುಗಾವಲಿಟ್ಟುಕೊಂಡು ಹಸು ಸಾಕಿದ ಹೆಂಗಸು. ಮಾತು ಜೋರು, ನಗು ಅದಕ್ಕಿಂತ ಜೋರು. ಹುಲ್ಲುಗಾವಲನ್ನು ಎರಡು ಭಾಗ ಮಾಡಲು ಉದ್ದನೆಯ ಬೇಲಿ ಬೇಕಾಗಿತ್ತು. ಬೆಳಗಿನ ಬಿಸಿಲು ಎದುರಿನಿಂದ ಹೊಡೆಯುತ್ತಿತ್ತು. ಮಾವ ಮೂಲೆಗಂಬಕ್ಕೆ ಕೆನ್ನೆ ಆನಿಸಿದರು. ಸೊಸೆ ಗುರುತಿನ ಕೋಲು ಹಿಡಿದು ನಡೆದಳು. ಗುದ್ದಣ್ಣನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಎಲ್ಲವೂ ಕೈಸನ್ನೆಯಲ್ಲೇ ನಡೆಯಬೇಕು.

ಮೊದಲ ಕೆಲವು ಕಂಬಗಳು ಸರಿಯಾಗಿಯೇ ಬಿದ್ದವು. ಆಮೇಲೆ ಮಾವನ ಕೈ ಬಲಕ್ಕೆ ಬೀಸಿತು. ಅವಳು ಸರಿದಳು. ಮುಂದಿನ ಕಂಬಕ್ಕೂ ಬಲಕ್ಕೆ. ಅದರ ಮುಂದಿನದಕ್ಕೆ ಇನ್ನೂ ಬಲಕ್ಕೆ. ಅವಳಿಗೆ ಕಸಿವಿಸಿಯಾಯಿತು. ಎದುರು ತುದಿಯ ಬಿಳಿ ಬಟ್ಟೆಯ ಕೋಲು ಅವಳಿಗೆ ನೇರ ಎದುರಿಗೆ ಇರಬೇಕಿತ್ತು, ಈಗ ಎಡಗಡೆ ದೂರದಲ್ಲಿ ನಿಂತಿತ್ತು. ತಿರುಗಿ ಗಂಡನ ಕಡೆ ನೋಡಿ ಹುಬ್ಬು ಹಾರಿಸಿದಳು. ಅವನು ಭುಜ ಕುಣಿಸಿದ. ಅಪ್ಪ ಕೈ ಬೀಸಿದ ಮೇಲೆ ಅದಕ್ಕೆ ಮೇಲ್ಮನವಿ ಇಲ್ಲ ಎಂದು ಅದರರ್ಥ.

ಮಾವನ ಕೈ ಯಾವುದರ ಕಡೆ ಸಾಲು ಹಿಡಿಯುತ್ತಿದೆ ಎಂದು ಅವಳು ಆ ದಿಕ್ಕಿಗೇ ಕಣ್ಣು ಹಾಯಿಸಿದಳು. ಹುಲ್ಲುಗಾವಲಿನ ಆ ತುದಿಯಲ್ಲಿ ಒಂದು ಬಿಳಿ ಕಡಸು, ಹಾಲಿನ ಯಜಮಾನಿ ಮಹಾರಾಣಿ ಎಂದು ಮುದ್ದಿನಿಂದ ಕರೆಯುವ ಹಸುಕರು, ತಲೆ ಬಗ್ಗಿಸಿ ಮೇಯುತ್ತ ನಿಧಾನವಾಗಿ ಬಲಗಡೆಗೆ ಸಾಗುತ್ತಿತ್ತು. ಅದು ಒಂದು ಹೆಜ್ಜೆ ಇಟ್ಟರೆ ಇಲ್ಲಿ ಬೇಲಿಯೂ ಒಂದು ಹೆಜ್ಜೆ ಬಲಕ್ಕೆ.

ಅವಳು ಕೂಗಬೇಕೆಂದುಕೊಂಡಳು. ಕೂಗಿ ಏನು ಹೇಳುವುದು? ಮಾವ, ನೀವು ಹಸುವಿನ ಹಿಂದೆ ಬೇಲಿ ಹಾಕುತ್ತಿದ್ದೀರಿ ಎಂದೇ? ಹೇಳಿದ ಮರುಕ್ಷಣ ಅವರು ಹೋಗಿ ಆ ಕುರ್ಚಿಯಲ್ಲಿ ಕೂರುತ್ತಾರೆ. ಹೇಳದಿದ್ದರೆ ಮನೆತನದ ಹೆಸರು ಹುಲ್ಲುಗಾವಲಿನ ನಡುವೆ ಕುಡುಗೋಲಿನಂತೆ ಬಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಕಡಸಿಗೆ ಹೊಟ್ಟೆ ತುಂಬಿತೋ ಏನೋ, ಮಲಗಿ ಮೆಲುಕು ಹಾಕತೊಡಗಿತು. ಅಲ್ಲಿಂದ ಮುಂದೆ ಸಾಲು ಬಲು ನೆಟ್ಟಗೆ ಹೋಯಿತು, ಅಷ್ಟೂ ತಪ್ಪು ದಿಕ್ಕಿಗೆ.

ಊಟದ ಹೊತ್ತಿಗೆ ಟ್ರ್ಯಾಕ್ಟರು ನಿಂತಿತು. ಅತ್ತೆ ಬುತ್ತಿ ತಂದಿದ್ದರು. ಸೊಸೆ ಮಾವನ ಬಳಿ ಹೋಗಿ, "ಮಾವ, ಬಿಸಿಲು ಎದುರಿಗಿದೆ. ಒಂದ್ಸಲ ಆ ತುದಿಯ ಕೋಲು ನೋಡಿಬಿಡಿ, ಅಲ್ಲಾಡಿದೆಯೇನೋ" ಎಂದಳು.

"ಅದೋ, ನೆಟ್ಟಗೆ ನಿಂತಿದೆಯಲ್ಲ" ಎಂದು ಮಾವ ಕೈ ತೋರಿಸಿದರು. ಅದೇ ಹೊತ್ತಿಗೆ ಮಹಾರಾಣಿ ಎದ್ದು, ಮೈ ಕೊಡವಿ, ಅಂಬಾ ಎಂದು ನೀರಿನ ತೊಟ್ಟಿಯ ಕಡೆ ಹೊರಟಿತು.

ಮಾವನ ಕೈ ಗಾಳಿಯಲ್ಲೇ ನಿಂತಿತು. "ಕೋಲು... ನಡೀತಿದೆ" ಎಂದರು, ಮೆಲ್ಲಗೆ.

ದೂರದಿಂದ ಬರುತ್ತಿದ್ದ ಹಾಲಿನ ಯಜಮಾನಿಗೆ ಇಲ್ಲಿ ಏನಾಗಿದೆ ಎಂದು ಗೊತ್ತಿರಲಿಲ್ಲ. "ಇದೇನ್ರೀ ಇದು, ಬೇಲಿ ನಮ್ಮ ಮಹಾರಾಣಿ ಜೊತೆ ವಾಕಿಂಗ್ ಹೊರಟಿದೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗು ಒಳ್ಳೆಯ ನಗುವೇ, ಕುಹಕವಿರಲಿಲ್ಲ. ಆದರೂ ಮಾವ ತಲೆಯ ಟೋಪಿ ತೆಗೆದು ಮೂಲೆಗಂಬದ ಮೇಲಿಟ್ಟು, ಹೋಗಿ ಕಂಬ ತಂದಿದ್ದ ಗಾಡಿಯಲ್ಲಿ ಕೂತರು. ಸೊಸೆಗೆ ಅಳು ಉಕ್ಕಿ ಬಂತು. ತಾನು ಆಸೆಪಟ್ಟ ಜಾಗ ತೆರವಾಗಿತ್ತು, ಅದು ಹೀಗೆ ತೆರವಾಗುವುದು ಅವಳಿಗೆ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದರೆ ಮೊಳೆಡಬ್ಬಿ ನೆಲದ ಮೇಲಿತ್ತು. ಮಾವ ಕುರ್ಚಿಯಲ್ಲಿ ಕೂತಿದ್ದರು. ಗಂಡ ಗುದ್ದಣ್ಣನ ಪಕ್ಕ ನಿಂತು ಗ್ರೀಸಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದ. ಬಾಗಿಲಲ್ಲಿ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಸೊಸೆಗೆ ಮೊದಲು ದುಃಖವಾಯಿತು, ಆಮೇಲೆ ಸಿಟ್ಟು ಬಂತು. ಬಂದ ಸಿಟ್ಟನ್ನು ಅವಳು ಒಳಗಿಟ್ಟುಕೊಳ್ಳುವ ಪೈಕಿ ಅಲ್ಲ. "ಏಳಿ ಮಾವ, ಹೊತ್ತಾಯ್ತು" ಎಂದಳು.

"ನೀನೇ ನೋಡ್ಕೋ ಹೋಗಮ್ಮ ಸಾಲು. ಬೇಕೂಂತಿದ್ದೆಯಲ್ಲ."

"ನೋಡ್ತೀನಿ. ಅದಕ್ಕೇ ನಿಮ್ಮನ್ನ ಕರೀತಿರೋದು. ನಾನು ಮೂಲೇಲಿ ನಿಂತ್ರೆ ಗುರುತಿನ ಕೋಲು ಯಾರು ಹಿಡೀತಾರೆ? ನಿಮ್ಮ ಮಗ ಟ್ರ್ಯಾಕ್ಟರ್ ಬಿಟ್ಟು ಇಳಿಯಲ್ಲ. ಅತ್ತೆ ಹಿಡಿದ್ರೆ ಕೋಲಿಗಿಂತ ಮಾತು ಉದ್ದ."

"ಏನಂದೆ?" ಎಂದರು ಬಾಗಿಲಲ್ಲಿದ್ದ ಅತ್ತೆ. ಮಾವನ ತುಟಿಯಂಚು ಅಲ್ಲಾಡಿದಂತಾಯಿತು. ಒಡನೆ ಮತ್ತೆ ಬಿಗಿಯಿತು. "ನಿನ್ನ ಕೈ ನಂಗೆ ಕಾಣಬೇಕಲ್ಲ? ಕುರುಡನ್ನ ಕಟ್ಕೊಂಡು ಏನು ಮಾಡ್ತೀಯ?"

ಅದಕ್ಕೆ ಉತ್ತರ ಅವಳು ರಾತ್ರಿಯೇ ಹೊಲಿದಿಟ್ಟಿದ್ದಳು. ಕಂಕುಳಲ್ಲಿದ್ದ ಗಂಟು ಬಿಚ್ಚಿ ಎರಡು ಬಟ್ಟೆಗಳನ್ನು ಅವರ ಮುಂದೆ ಹರಡಿದಳು. ಹಾಸಿಗೆಯ ಹೊದಿಕೆ ಕತ್ತರಿಸಿ, ಅಂಚು ಮಡಚಿ, ಹಿಡಿಕೆಗೆ ಕೋಲು ತೂರಿಸಿದ್ದಳು. ಒಂದು ಅಚ್ಚ ಕೆಂಪು, ಒಂದು ಕಡುಹಳದಿ. "ಕೆಂಪು ಎತ್ತಿದ್ರೆ ಎಡಕ್ಕೆ. ಹಳದಿ ಎತ್ತಿದ್ರೆ ಬಲಕ್ಕೆ. ಎರಡೂ ಕೆಳಗೆ ಬಿಟ್ರೆ ಗೂಟ. ಇದು ಕಾಣ್ಸುತ್ತಾ ಇಲ್ವಾ ಹೇಳಿ."

ಮಾವ ಮುಖ ಮುಂದೆ ಚಾಚಿ ನೋಡಿದರು. "ಕಾಣ್ಸುತ್ತೆ" ಎಂದರು. ಕೆಂಪು ಬಟ್ಟೆಯ ಅಂಚು ಸವರುತ್ತ, "ಕೆಂಪು ಹಸು ಬಂದ್ರೆ?" ಎಂದು ಕೇಳಿದರು.

"ಹಸು ಕೈ ಎತ್ತಲ್ಲ ಅಪ್ಪಾ" ಎಂದ ಗಂಡ. ಆ ವರ್ಷ ಅವನು ಮನುಷ್ಯರ ಜೊತೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅತ್ತೆ ಗಟ್ಟಿಯಾಗಿ ನಕ್ಕರು. ಸೊಸೆ ಮೊಳೆಡಬ್ಬಿ ಎತ್ತಿ ಹಿಡಿದುಕೊಂಡು ಕಾದಳು. ಮಾವ ಎದ್ದರು. ಅವರು ಪೂರ್ತಿ ಎದ್ದು ನಿಲ್ಲುವ ಮೊದಲೇ ಅವಳು ಡಬ್ಬಿಯನ್ನು ಕುರ್ಚಿಯ ಮೇಲೆ ಕುಕ್ಕಿಬಿಟ್ಟಳು.

ಅಂದು ಆ ಮನೆಯವರು ಎಂದೂ ಮಾಡದ ಕೆಲಸ ಮಾಡಿದರು. ತಾವೇ ನೆಟ್ಟ ಕಂಬಗಳಿಗೆ ಸರಪಳಿ ಸುತ್ತಿ ಕಿತ್ತರು. ಒಂದು ಕಂಬಕ್ಕೆ ಮಾತ್ರ ಹಾಲಿನ ಯಜಮಾನಿ ಅಡ್ಡ ನಿಂತಳು. "ಇದನ್ನ ಬಿಟ್ಬಿಡಿ. ಮಹಾರಾಣಿ ಬೆನ್ನು ತುರಿಸ್ಕೊಳ್ತಾ ಇದ್ದಾಳೆ, ನೋಡಿ." ಬೇಲಿಯ ಹಂಗಿಲ್ಲದೆ ಒಂದು ಕಂಬ ಹುಲ್ಲಿನ ನಡುವೆ ಒಂಟಿಯಾಗಿ ನಿಲ್ಲುವುದು ಮಾವನಿಗೆ ಅವಮಾನವೆನಿಸಿತು. ಆದರೆ ಕಡಸು ಕಣ್ಣು ಮುಚ್ಚಿ ಮೈ ಉಜ್ಜುವುದನ್ನು ಹತ್ತಿರ ಹೋಗಿ ನೋಡಿದ ಮೇಲೆ, "ಅವಳೇ ತೋರಿಸಿದ ಜಾಗ, ಅವಳಿಗೇ ಇರಲಿ" ಎಂದರು.

ಸೊಸೆ ಮೂಲೆಗಂಬಕ್ಕೆ ಕೆನ್ನೆ ಆನಿಸಿದಳು. ಮರ ತಣ್ಣಗಿತ್ತು. ಮಾವನ ಕೆನ್ನೆ ತಾಗಿ ತಾಗಿ ನಯವಾಗುವಷ್ಟು ಹಳೆಯ ಕಂಬವಲ್ಲ ಅದು, ಹೊಸದೇ. ಆದರೂ ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡು ಮತ್ತೆ ಆನಿಸಿದಳು. ಕೆಂಪು ಎತ್ತಿದಳು. ದೂರದಲ್ಲಿ, ಜೀವಮಾನವಿಡೀ ಯಾರ ಮಾತಿಗೂ ಜಗ್ಗದ ಮನುಷ್ಯ ಎಡಕ್ಕೆ ಸರಿದರು. ಹಳದಿ ಎತ್ತಿದಳು. ಬಲಕ್ಕೆ ಬಂದರು. ಎರಡನ್ನೂ ಕೆಳಗೆ ಬಿಟ್ಟಾಗ, ಟ್ರ್ಯಾಕ್ಟರಿನ ಸದ್ದನ್ನೂ ಮೀರಿ ಅಲ್ಲಿಂದ, "ಇನ್ನೊಂದ್ಸಲ ನೋಡು!" ಎಂಬ ಕೂಗು ಬಂತು. ನೋಡಿದಳು. ಕೂದಲೆಳೆಯಷ್ಟು ತಪ್ಪಿತ್ತು. ಅಂದು ಇಡೀ ಹಗಲು ಅವರು ಹಾಗೆಯೇ ಕೂಗಿ ಕೂಗಿ ಅವಳ ಜೀವ ಹಿಂಡಿದರು. ಸಂಜೆ ಮೂಲೆಯಲ್ಲಿ ನಿಂತು ನೋಡಿದಾಗ ಒಂದೇ ಕಂಬ ಕಾಣಿಸಿತು.

ಆ ಋತುವಿನ ಕೆಲಸವೆಲ್ಲ ಕೆಂಪು, ಹಳದಿಯಲ್ಲೇ ನಡೆಯಿತು. ಹೊಲದಿಂದ ಹೊಲಕ್ಕೆ ಓಡಾಡುತ್ತಿದ್ದ ಮಾವನಿಗೆ ಹೊಟ್ಟೆಗೆ ಹಸಿವು, ಕಣ್ಣಿಗೆ ನಿದ್ದೆ ಎರಡೂ ಬಂದವು. ಸೋತು ಕೂತಿದ್ದರೆ ಅವರು ಕಣ್ಣಿನ ಡಾಕ್ಟರ ಹೆಸರು ಕೇಳುತ್ತಿರಲಿಲ್ಲವೇನೋ. ಕೆಲಸದಲ್ಲಿದ್ದುದರಿಂದ ಭಯ ತಾನಾಗಿ ಸಡಿಲವಾಯಿತು. ಒಂದು ದಿನ ಊಟದ ನಡುವೆ, ಯಾರೂ ಕೇಳದೆಯೇ, "ಆ ಡಾಕ್ಟ್ರು ನೋವಾಗಲ್ಲ ಅಂತಾರಂತಲ್ಲ, ನಿಜವಾ?" ಎಂದರು. ಅವರು ಮನಸ್ಸು ಬದಲಾಯಿಸುವ ಮೊದಲೇ ಅತ್ತೆ ಎದ್ದು ಹೋಗಿ ಚೀಲ ತುಂಬತೊಡಗಿದರು.

ಡಾಕ್ಟರು ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದ ದಿನ ಮಾವ ಹೆಂಡತಿಯ ಮುಖ ನೋಡಿ, "ಇಷ್ಟು ಬೆಳ್ಳಗಾಯ್ತಾ ನಿನ್ನ ಕೂದಲು?" ಎಂದು ಬೆರಗಾದರು. "ನಿಮ್ಮ ಹಠದಿಂದ" ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ. ಮಾವ ಮನೆಗೆ ಬಂದವರೇ ಗುದ್ದಣ್ಣನ ಸುತ್ತ ಒಂದು ಸುತ್ತು ಹಾಕಿ, ಬಣ್ಣ ಕಿತ್ತುಹೋದ ಜಾಗಗಳನ್ನೆಲ್ಲ ಮಗನಿಗೆ ತೋರಿಸಿ ಬೈದರು.

ಸೊಸೆಗೆ ಸಂತೋಷವಾಗಿತ್ತು, ನಿಜವಾದ ಸಂತೋಷ. ಅದರ ಅಡಿಯಲ್ಲಿ ಸಣ್ಣದೊಂದು ಮುಳ್ಳು. ಇನ್ನು ಮೂಲೆಗಂಬ ಅವರದ್ದೇ ಅಲ್ಲವೇ? ಸಾಲು ನೋಡುವವರು ಮನೆಯಲ್ಲಿ ಒಬ್ಬರೇ ಇರಬೇಕು. ಇರಲಿ, ಅವರ ಕಣ್ಣು ಬಂತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಎಷ್ಟು ಸಲ ಹೇಳಿಕೊಂಡರೂ ಮುಳ್ಳು ಅಲ್ಲೇ ಇತ್ತು.

ಡಾಕ್ಟರು ಹೊಲಕ್ಕೆ ಹೋಗಬಹುದು ಎಂದ ಮೇಲೆ ಮೊದಲ ಕೆಲಸ ಒಂದು ಹಣ್ಣಿನ ತೋಟದ್ದು. ಸೊಸೆ ಮೂಲೆಗಂಬದ ಪಕ್ಕ ಎರಡು ಬಟ್ಟೆಗಳನ್ನಿಟ್ಟು, ತಾನಾಗಿಯೇ ಗುರುತಿನ ಕೋಲು ಕೈಗೆತ್ತಿಕೊಂಡು ಬದಿಗೆ ಸರಿದು ನಿಂತಳು. ಮಾವ ಬಂದರು. ಕಂಬಕ್ಕೆ ಬಲಗೆನ್ನೆ ಆನಿಸಿ ಎದುರು ತುದಿಯ ಬಟ್ಟೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಗಂಡ ಟ್ರ್ಯಾಕ್ಟರಿನ ಎಂಜಿನು ಆರಿಸಿ ಅವರನ್ನೇ ನೋಡುತ್ತಿದ್ದ.

"ಆಹಾ, ಎಷ್ಟು ಚೆನ್ನಾಗಿ ಕಾಣುತ್ತೆ" ಎಂದರು ಮಾವ. ಕೆನ್ನೆ ತೆಗೆದರು. ಬಗ್ಗಿ ಕೆಂಪು, ಹಳದಿ ಬಟ್ಟೆಗಳನ್ನು ಎತ್ತಿಕೊಂಡು, ಹಿಡಿಕೆಯ ಕೋಲು ಎಳೆದುಹಾಕಿ, ದರ್ಜಿ ಮಡಚಿದಂತೆ ನೀಟಾಗಿ ಮಡಚಿ, ಅವಳ ಕೈಗೆ ಕೊಟ್ಟರು. ಅವಳ ಇನ್ನೊಂದು ಕೈಯಲ್ಲಿದ್ದ ಗುರುತಿನ ಕೋಲನ್ನು ತೆಗೆದುಕೊಂಡರು.

"ಮಾವ?"

"ಇವು ಇನ್ನು ಬೇಡಮ್ಮ. ಆ ತುದಿಗೆ ಹೋದ್ರೂ ನಿನ್ನ ಕೈ ನಂಗೆ ಕಾಣುತ್ತೆ."

ಕೋಲನ್ನು ಹೆಗಲಿಗೇರಿಸಿ ಮಾವ ತೋಟದ ಅಂಚಿನುದ್ದಕ್ಕೂ ನಡೆದುಹೋದರು. ಸೊಸೆ ಮೂಲೆಗಂಬಕ್ಕೆ ಕೆನ್ನೆ ಆನಿಸಿದಳು. ನೀರು ತುಂಬಿದ ಕಣ್ಣನ್ನು ಎರಡು ಸಲ ಒರೆಸಿಕೊಂಡ ಮೇಲೆಯೇ ಸಾಲು ಸ್ಪಷ್ಟವಾಯಿತು. ಬರಿಗೈ ಎತ್ತಿ ಸ್ವಲ್ಪವೇ ಎಡಕ್ಕೆ ಬೀಸಿದಳು. ದೂರದಲ್ಲಿ ಮಾವ ಅರ್ಧ ಹೆಜ್ಜೆ ಎಡಕ್ಕೆ ಸರಿದು ನಿಂತರು. ಅವಳು ಕೈ ಕೆಳಗೆ ಬಿಟ್ಟಳು. ಈ ಸಲ ಅಲ್ಲಿಂದ ಯಾವ ಕೂಗೂ ಬರಲಿಲ್ಲ. ಮಾವ ಗೂಟ ನೆಟ್ಟು, ಬಾ ಎಂದು ಗುದ್ದಣ್ಣನನ್ನು ಕರೆದರು.